ಎಂ.ಎಸ್ಸಿ. ಆದ ಮೇಲಿನ ಏಳು ವರ್ಷಗಳು

ಉಡುಪಿಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಕಾಪುವನ್ನು ದಾಟಿದರೆ ಉಚ್ಚಿಲ, ಉಚ್ಚಿಲವನ್ನು ದಾಟಿದರೆ ಎರ್ಮಾಳು, ಆಮೇಲೆ ಪಡುಬಿದ್ರಿ. ಪಡುವಣಕ್ಕೆ ಉದ್ದಕ್ಕೂ ಕಡಲು. ಉಚ್ಚಿಲದಲ್ಲಿ ಮೊಗವೀರ ಸಮಾಜದವರ ಮಹಾಲಕ್ಷ್ಮೀ ದೇವಾಲಯವು ಹೆದ್ದಾರಿಯಲ್ಲಿ ಹೋಗುವವರನ್ನು ತಡೆದು ನಿಲ್ಲಿಸುತ್ತದೆ. ಎರ್ಮಾಳಿನಲ್ಲಿ ಹೆದ್ದಾರಿಯನ್ನು ಬಿಟ್ಟು ಮೂಡಣಕ್ಕೆ ತಿರುಗಿದರೆ ಸ್ವಲ್ಪ ಹೊತ್ತಿನಲ್ಲೇ ಅದಮಾರು ಸಿಗುತ್ತದೆ. ಉಡುಪಿಯ ಅಷ್ಟಮಠಗಳಲ್ಲಿ ಒಂದಕ್ಕೆ ಹೆಸರು ಕೊಟ್ಟ ಊರು ಅದು. ಭಾರತದ ಮೊದಲ ಕೃತಕ ಉಪಗ್ರಹವನ್ನು ಕಟ್ಟಿಸಿದ ಉಡುಪಿ ರಾಮಚಂದ್ರ ರಾಯರು 1932ರ ಮಾರ್ಚ್ 10ರಂದು ಹುಟ್ಟಿದ್ದು ಅಲ್ಲಿಯೇ.

ಆರ್ಯಭಟದ ಹೆಸರನ್ನು ಕೇಳದವರಿಲ್ಲ. 1975ರ ಏಪ್ರಿಲ್ 19ರಂದು ಅದು ಸೋವಿಯತ್ ನೆಲದಿಂದ ಮೇಲೇರಿದ ಸಂಗತಿ ಶಾಲೆಯ ಮಕ್ಕಳಿಗೂ ಗೊತ್ತು. ರಾಯರು 1984ರಿಂದ 1994ರವರೆಗೆ ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಅಧ್ಯಕ್ಷರಾಗಿದ್ದುದು, 2017ರಲ್ಲಿ ಪದ್ಮವಿಭೂಷಣರಾದುದು, ಅದೇ ವರ್ಷದ ಜುಲೈ 24ರಂದು ಬೆಂಗಳೂರಿನಲ್ಲಿ ತೀರಿಕೊಂಡುದು ಇವೆಲ್ಲ ಪತ್ರಿಕೆ ಓದುವವರು ಬಲ್ಲ ವಿಷಯಗಳು. ಆದರೆ ಡಿಗ್ರಿ ಮುಗಿಸಿದ ಮಗನೋ ಮಗಳೋ, “ಮುಂದೆ ಸಂಶೋಧನೆಗೆ ಹೋಗುತ್ತೇನೆ” ಎಂದು ಹೇಳಿ ತಂದೆತಾಯಿಗಳ ಮುಖ ನೋಡುವಾಗ, ಆ ಮನೆಗೆ ಉಪಯೋಗಕ್ಕೆ ಬರುವುದು ಕೀರ್ತಿಯ ಕಥೆಗಿಂತ ಅದರ ಹಿಂದಿನ ಕಥೆ. 1953ರಲ್ಲಿ ಎಂ.ಎಸ್ಸಿ., 1960ರಲ್ಲಿ ಪಿಎಚ್.ಡಿ., 1966ರಲ್ಲಿ ಸ್ವದೇಶದಲ್ಲಿ ಪ್ರಾಧ್ಯಾಪಕನ ಹುದ್ದೆ: ಇಪ್ಪತ್ತೊಂದನೆಯ ವಯಸ್ಸಿನಿಂದ ಮೂವತ್ತನಾಲ್ಕರವರೆಗೆ ಸಂದ ಈ ಹದಿಮೂರು ವರ್ಷಗಳಲ್ಲಿ ರಾಯರು ಏನು ಮಾಡುತ್ತಿದ್ದರು? ಅದನ್ನು ತಿಳಿದುಕೊಂಡರೆ ಸಂಶೋಧನೆಗೆ ಸಿದ್ಧವಾಗುವುದೆಂದರೆ ಏನೆಂಬುದೂ ಬಹುಮಟ್ಟಿಗೆ ತಿಳಿದಂತೆ.

“ಇನ್ನೂ ಓದುವುದೇ?”

ಕರಾವಳಿಯ ಮಧ್ಯಮ ವರ್ಗದ ಮನೆಗಳಿಗೆ ವಿದ್ಯೆಯ ಮೇಲೆ ಅಕ್ಕರೆಯಿಲ್ಲವೆಂದು ಯಾರೂ ಹೇಳಲಾರರು. ಆದರೆ ಆ ಅಕ್ಕರೆಗೆ ಒಂದು ಎಲ್ಲೆಯುಂಟು. ಕಾರ್ಪೊರೇಷನ್ ಬ್ಯಾಂಕು 1906ರಲ್ಲಿ, ಸಿಂಡಿಕೇಟ್ ಬ್ಯಾಂಕು 1925ರಲ್ಲಿ ಉಡುಪಿಯಲ್ಲೇ ಹುಟ್ಟಿದುವು. ಕೆನರಾ, ಕರ್ಣಾಟಕ, ವಿಜಯಾ ಬ್ಯಾಂಕುಗಳಿಗೆ ಮಂಗಳೂರು ತವರಾಯಿತು. ಬಿ.ಕಾಂ. ಆದೊಡನೆ ಬ್ಯಾಂಕಿನ ಕೆಲಸ, ಅದು ತಪ್ಪಿದರೆ ಮುಂಬಯಿಯ ಬಸ್ಸು ಎಂಬುದು ಇಲ್ಲಿಯ ಹುಡುಗರಿಗೆ ಬಹುಕಾಲದವರೆಗೆ ಕಣ್ಣ ಮುಂದಿನ ದಾರಿಯಾಗಿತ್ತು. ವಿಜಯಾ ಬ್ಯಾಂಕು 2019ರಲ್ಲಿ, ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳೊಡನೆ ಸೇರಿಹೋದುವು. ಡಿಗ್ರಿಯ ಬೆನ್ನಿಗೇ ಸಂಬಳ ಬರಬೇಕೆಂಬ ಲೆಕ್ಕಾಚಾರ ಮಾತ್ರ ಹಾಗೆಯೇ ಉಳಿದಿದೆ. ಬ್ಯಾಂಕಿನ ಜಾಗದಲ್ಲಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿ ಬಂದು ಕುಳಿತಿದೆ, ಅಷ್ಟೆ.

ಇಂಥ ಮನೆಯಲ್ಲಿ ಇಪ್ಪತ್ತಾರು ದಾಟಿದ ಮಗಳು ಇನ್ನೂ ವಿದ್ಯಾರ್ಥಿನಿಯಾಗಿದ್ದರೆ ಮದುವೆ ಮುಂಜಿಗಳಿಗೆ ಹೋದಾಗ ಪ್ರಶ್ನೆ ತಪ್ಪುವುದಿಲ್ಲ. “ಮಗಳು ಏನು ಮಾಡಿಕೊಂಡಿದ್ದಾಳೆ?” “ಓದುತ್ತಿದ್ದಾಳೆ.” “ಇನ್ನೂ ಓದುವುದೇ?” ಕೇಳಿದವರು ಕುಹಕಕ್ಕಾಗಿ ಕೇಳಿರುವುದಿಲ್ಲ. ಆದರೂ ತಾಯಿಗೆ ಮನೆಗೆ ಮರಳುವವರೆಗೂ ಆ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿರುತ್ತದೆ.

ಪ್ರಶ್ನೆಯಲ್ಲಿಯೇ ಒಂದು ತಪ್ಪು ತಿಳಿವಳಿಕೆಯಿದೆ. ಸಂಶೋಧನೆಯೆಂದರೆ ಓದಿನ ಮುಂದುವರಿದ ಭಾಗವೆಂದು ಎಲ್ಲರೂ ತಿಳಿಯುತ್ತಾರೆ. ಹತ್ತನೆಯ ತರಗತಿ, ಪಿ.ಯು.ಸಿ., ಬಿ.ಎಸ್ಸಿ., ಎಂ.ಎಸ್ಸಿ., ಆಮೇಲೆ ಪಿಎಚ್.ಡಿ. ಎಂಬ ಏಣಿಯ ಚಿತ್ರ ಮನಸ್ಸಿನಲ್ಲಿರುತ್ತದೆ. ಆದರೆ ಮೊದಲ ನಾಲ್ಕು ಮೆಟ್ಟಿಲುಗಳಲ್ಲಿ ಪ್ರಶ್ನೆಯನ್ನು ಬೇರೊಬ್ಬರು ಕೊಡುತ್ತಾರೆ. ಉತ್ತರ ಎಲ್ಲೋ ಒಂದು ಪುಸ್ತಕದಲ್ಲಿರುತ್ತದೆ. ಮೂರು ಗಂಟೆಗಳ ಬಳಿಕ ಗಂಟೆ ಬಾರಿಸುತ್ತದೆ. ಕೊನೆಯದರಲ್ಲಿ ಪ್ರಶ್ನೆಯನ್ನು ತಾನೇ ಹುಡುಕಬೇಕು. ಅದಕ್ಕೆ ಉತ್ತರ ಉಂಟೋ ಇಲ್ಲವೋ ಗುರುವಿಗೂ ತಿಳಿದಿರುವುದಿಲ್ಲ. ಗಂಟೆ ಬಾರಿಸುವವರು ಯಾರೂ ಇಲ್ಲ. ಚಿನ್ನದ ಪದಕ ಪಡೆದ ವಿದ್ಯಾರ್ಥಿಗಳು ಪಿಎಚ್.ಡಿ.ಯ ಎರಡನೆಯ ವರ್ಷದಲ್ಲಿ ಕಂಗೆಡುವುದು ಇದರಿಂದಲೇ. ಹಳೆಯ ಮಾತಿನಲ್ಲಿ ಹೇಳುವುದಾದರೆ ಇದು ಪಾಠಶಾಲೆಗಿಂತ ಹೆಚ್ಚಾಗಿ ಗುರುಕುಲ. ಅದಕ್ಕಿಂತಲೂ ಹೆಚ್ಚಾಗಿ ಕಮ್ಮಾರನ ಕುಲುಮೆಯಲ್ಲಿ ಕೆಲಸ ಕಲಿಯುವಂಥದು.

ಊರಿಂದ ಊರಿಗೆ

ರಾಯರ ಪ್ರಾಥಮಿಕ ಶಿಕ್ಷಣ ಅದಮಾರಿನಲ್ಲಿ ನಡೆಯಿತು. ಹೈಸ್ಕೂಲು ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲಿನಲ್ಲಿ. ಆಗ ಉಡುಪಿಯಲ್ಲಿ ಕಾಲೇಜು ಇರಲಿಲ್ಲ. ಮಹಾತ್ಮ ಗಾಂಧಿ ಮೆಮೋರಿಯಲ್ ಕಾಲೇಜು ಬಾಗಿಲು ತೆರೆದುದು 1949ರಲ್ಲಿ. ರಾಯರು ಇಂಟರ್‌ಮೀಡಿಯೆಟ್ ಓದಿದ್ದು ಬಳ್ಳಾರಿಯ ವೀರಶೈವ ಕಾಲೇಜಿನಲ್ಲಿ, 1951ರಲ್ಲಿ ಬಿ.ಎಸ್ಸಿ. ಪಡೆದುದು ಅನಂತಪುರದ ಸರಕಾರಿ ಕಾಲೇಜಿನಿಂದ, ಎಂ.ಎಸ್ಸಿ.ಗಾಗಿ ಹೋದುದು ದೂರದ ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯಕ್ಕೆ. ಹೀಗೆ ಇಪ್ಪತ್ತೊಂದು ವರ್ಷ ತುಂಬುವುದರೊಳಗೆ ಐದು ಊರುಗಳು, ತುಳು ಕನ್ನಡ ತೆಲುಗು ಹಿಂದಿಗಳು ಮಾತಿಗೆ ಸಿಗುವ ನಾಲ್ಕು ಬಗೆಯ ನೆಲಗಳು.

ಇದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಬಳ್ಳಾರಿಯಾಗಲಿ ಅನಂತಪುರವಾಗಲಿ ಆ ಕಾಲದಲ್ಲಿ ಭೌತಶಾಸ್ತ್ರದ ಸಂಶೋಧನೆಗೆ ಹೆಸರಾದ ಸ್ಥಳಗಳಲ್ಲ. ದೊಡ್ಡ ಹೆಸರಿನ ಕಾಲೇಜಿನಲ್ಲಿ ಓದದಿದ್ದರೆ ಮುಂದಿನ ದಾರಿ ಮುಚ್ಚಿತೆಂದು ಇಂದು ಎಷ್ಟೋ ತಂದೆತಾಯಿಗಳು ಹತಾಶರಾಗುತ್ತಾರೆ. ರಾಯರ ದಾರಿಯಲ್ಲಿ ನಿರ್ಣಾಯಕವಾದುದು ಅವರು ಎಲ್ಲಿಂದ ಹೊರಟರೆಂಬುದಲ್ಲ, ಎಂ.ಎಸ್ಸಿ. ಆದ ಮೇಲೆ ಯಾರ ಬಳಿಗೆ ಹೋದರೆಂಬುದು.

ಅವರು ಹೋದುದು ಅಹಮದಾಬಾದಿಗೆ, ವಿಕ್ರಮ್ ಸಾರಾಭಾಯಿಯವರ ಬಳಿಗೆ. ಸಾರಾಭಾಯಿ ಕೇಂಬ್ರಿಜ್‌ನಿಂದ 1947ರಲ್ಲಿ ಡಾಕ್ಟರೇಟ್ ಪಡೆದು ಬಂದು ಅದೇ ವರ್ಷದ ನವೆಂಬರಿನಲ್ಲಿ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿಯನ್ನು ಆರಂಭಿಸಿದ್ದರು. ವಾಯುಮಂಡಲ ವಿಜ್ಞಾನದ ಹಿರಿಯರಾದ ಕೆ. ಆರ್. ರಾಮನಾಥನ್ ಅದರ ಮೊದಲ ನಿರ್ದೇಶಕರು. ಎಂ.ಜಿ. ವಿಜ್ಞಾನ ಸಂಸ್ಥೆಯ ಕೆಲವು ಕೊಠಡಿಗಳಲ್ಲಿ ಕೆಲಸ ಮೊದಲಾಯಿತು. ಸಂಸ್ಥೆ ಎಳೆಯದು, ಉಪಕರಣಗಳು ಬಹುಮಟ್ಟಿಗೆ ಅಲ್ಲಿಯವರೇ ಕೈಯಾರೆ ಕಟ್ಟಿಕೊಂಡವು. ಆದರೆ ಅಲ್ಲಿ ಒಂದು ಸ್ಪಷ್ಟವಾದ ಪ್ರಶ್ನೆಯಿತ್ತು. ಆ ಪ್ರಶ್ನೆಯನ್ನೇ ಉಸಿರಾಡುವ ಗುರುವಿದ್ದರು.

ಹತ್ತು ಲಕ್ಷದವರೆಗೆ ಎಣಿಕೆ

ಆ ಪ್ರಶ್ನೆ ವಿಶ್ವಕಿರಣಗಳದು. ಅಂತರಿಕ್ಷದಿಂದ ಭೂಮಿಯ ಮೇಲೆ ಸೂಕ್ಷ್ಮ ಕಣಗಳ ಮಳೆ ಹಗಲಿರುಳೂ ಸುರಿಯುತ್ತಿರುತ್ತದೆಂಬುದನ್ನು 1912ರಲ್ಲಿ ವಿಕ್ಟರ್ ಹೆಸ್ ಎಂಬ ವಿಜ್ಞಾನಿ ಬಲೂನಿನಲ್ಲಿ ಮೇಲೇರಿ ಕಂಡುಕೊಂಡರು. ಈ ಮಳೆ ದಿನದ ಎಲ್ಲ ಹೊತ್ತಿನಲ್ಲೂ ಒಂದೇ ಸಮನಾಗಿರುವುದಿಲ್ಲ. ಒಂದು ಹೊತ್ತಿಗೆ ಎಳ್ಳಷ್ಟು ಹೆಚ್ಚು, ಇನ್ನೊಂದು ಹೊತ್ತಿಗೆ ಎಳ್ಳಷ್ಟು ಕಡಿಮೆ. ವ್ಯತ್ಯಾಸ ನೂರಕ್ಕೆ ಒಂದು ಪಾಲೂ ಇಲ್ಲ. ಸೂರ್ಯನಿಗೂ ಈ ಏರಿಳಿತಕ್ಕೂ ಇರುವ ಸಂಬಂಧವೇನು ಎಂಬುದು ಸಾರಾಭಾಯಿಯವರ ಶಿಷ್ಯರ ಚಿಂತೆಯಾಗಿತ್ತು. ಅಹಮದಾಬಾದ್, ಕೊಡೈಕನಾಲ್, ತಿರುವನಂತಪುರಗಳಲ್ಲಿ ಉಪಕರಣಗಳನ್ನು ಇರಿಸಿ ಕಣಗಳನ್ನು ಎಣಿಸುವ ಕೆಲಸ ನಡೆಯುತ್ತಿತ್ತು.

ಎಣಿಸುವುದೆಂದರೆ ಸುಲಭವೆಂದು ತೋರಬಹುದು. ಆದರೆ ಇಂಥ ಎಣಿಕೆಗೆ ಒಂದು ನಿಯಮವಿದೆ. ಹತ್ತು ಸಾವಿರ ಕಣಗಳನ್ನು ಎಣಿಸಿದರೆ ಬರಿಯ ಆಕಸ್ಮಿಕದಿಂದಲೇ ಸುಮಾರು ನೂರರಷ್ಟು ಹೆಚ್ಚು ಕಡಿಮೆಯಾಗಬಹುದು. ಅಂದರೆ ನೂರಕ್ಕೆ ಒಂದು. ಹುಡುಕುತ್ತಿರುವ ವ್ಯತ್ಯಾಸವೇ ಅದಕ್ಕಿಂತ ಚಿಕ್ಕದಾಗಿರುವಾಗ ಆ ಲೆಕ್ಕದಿಂದ ಪ್ರಯೋಜನವಿಲ್ಲ. ಹತ್ತು ಲಕ್ಷ ಎಣಿಸಿದರೆ ಆಕಸ್ಮಿಕದ ಹೆಚ್ಚು ಕಡಿಮೆ ಸುಮಾರು ಸಾವಿರದಷ್ಟು. ಅಂದರೆ ಸಾವಿರಕ್ಕೆ ಒಂದು. ಎಣಿಕೆಯನ್ನು ನೂರು ಪಟ್ಟು ಹೆಚ್ಚಿಸಿದರೆ ನಿಖರತೆ ಹೆಚ್ಚುವುದು ಹತ್ತು ಪಟ್ಟು ಮಾತ್ರ. ಅದರ ಮೇಲೆ ಗಾಳಿಯ ಒತ್ತಡ ಏರಿದರೆ ಕಣಗಳು ಕಡಿಮೆಯಾಗುತ್ತವೆ, ಇಳಿದರೆ ಹೆಚ್ಚುತ್ತವೆ. ಅದನ್ನು ದಿನದಿನವೂ ಕಳೆದು ಕೂಡಿ ಸರಿಪಡಿಸಬೇಕು. ಉಪಕರಣ ಕೆಟ್ಟ ದಿನದ ಅಂಕಿಗಳನ್ನು ಬಿಟ್ಟುಬಿಡಬೇಕು. ಹೀಗೆ ತಿಂಗಳುಗಳು, ವರ್ಷಗಳು.

ಎಂ.ಎಸ್ಸಿ. ಆದ ಮೇಲಿನ ಏಳು ವರ್ಷಗಳ ಗುಟ್ಟು ಇದರಲ್ಲಿದೆ. 1960ರಲ್ಲಿ ಗುಜರಾತ್ ವಿಶ್ವವಿದ್ಯಾನಿಲಯ ರಾಯರಿಗೆ ಪಿಎಚ್.ಡಿ. ಕೊಟ್ಟಿತು. ಆದರೆ ಅವರು ಅಹಮದಾಬಾದಿನಲ್ಲಿ ಗಳಿಸಿದ ಬಂಡವಾಳ ಆ ಕಾಗದಕ್ಕಿಂತ ದೊಡ್ಡದು: ಗದ್ದಲದ ನಡುವಿನಿಂದ ಸಣ್ಣದೊಂದು ಸತ್ಯದ ದನಿಯನ್ನು ಬೇರ್ಪಡಿಸಿ ಕೇಳುವ ಅಭ್ಯಾಸ. ಸಂಶೋಧನೆಗೆ ಬೇಕಾದ ತಾಳ್ಮೆ ಯಾರೋ ಬೋಧಿಸಿ ಬರುವ ಸದ್ಗುಣವಲ್ಲ. ಕೆಲಸವೇ ಅದನ್ನು ಬೇಡುತ್ತದೆ. ಹತ್ತು ಲಕ್ಷ ಎಣಿಸದೆ ಉತ್ತರ ಸಿಗದೆಂದ ಮೇಲೆ ಅವಸರಪಟ್ಟವನಿಗೆ ಉತ್ತರವೇ ಇಲ್ಲ.

ಕಡಲಾಚೆಯ ವರ್ಷಗಳು

ಡಾಕ್ಟರೇಟ್ ಆದೊಡನೆ ಕಾಯಂ ಹುದ್ದೆಯಲ್ಲಿ ಕುಳಿತುಕೊಳ್ಳುವುದು ಎಲ್ಲರ ಆಸೆ. ರಾಯರು ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಗೆ, ಎಂದರೆ ಎಂ.ಐ.ಟಿ.ಗೆ, ಡಾಕ್ಟರೋತ್ತರ ಸಂಶೋಧಕರಾಗಿ ಹೋದರು. ಈ ‘ಡಾಕ್ಟರೋತ್ತರ’ ಎಂಬುದು ಬಹಳ ಮನೆಗಳಿಗೆ ಅರ್ಥವಾಗದ ಪದ. ವಿದ್ಯಾರ್ಥಿಯೂ ಅಲ್ಲ, ಪೂರ್ಣ ಅಧ್ಯಾಪಕನೂ ಅಲ್ಲ. ಗುರುವಿನ ನೆರಳಿನಿಂದ ಹೊರಬಂದು ತನ್ನ ಕಾಲ ಮೇಲೆ ನಿಲ್ಲಬಲ್ಲನೆಂದು ತೋರಿಸಿಕೊಳ್ಳುವ ಅವಧಿ ಅದು.

ಅಲ್ಲಿ ಅವರಿಗೆ ಆಸ್ಟ್ರೇಲಿಯದ ಕೆನ್ ಮೆಕ್ರ್ಯಾಕನ್ ಎಂಬ ವಿಜ್ಞಾನಿಯ ಜೊತೆ ದೊರೆಯಿತು. ಇಬ್ಬರೂ ಸೇರಿ ಹಿಡಿದುಕೊಂಡದ್ದು ಹಳೆಯ ಪ್ರಶ್ನೆಯ ಹೊಸ ಮುಖವನ್ನು. ವಿದ್ಯುದಾವೇಶವಿರುವ ಕಣಗಳು ಭೂಮಿಯ ಕಾಂತಕ್ಷೇತ್ರದಲ್ಲಿ ಬಾಗಿ ಬಳುಕಿ ಬರುತ್ತವೆ. ಉಪಕರಣ ಯಾವ ದಿಕ್ಕಿಗೆ ಮುಖ ಮಾಡಿದೆಯೋ ಕಣ ಅದೇ ದಿಕ್ಕಿನಿಂದ ಹೊರಟಿತ್ತೆಂದು ಹೇಳುವಂತಿಲ್ಲ. ದಡಕ್ಕೆ ಬಂದು ಬಿದ್ದ ತೆಂಗಿನಕಾಯಿಯನ್ನು ನೋಡಿ ಅದು ಯಾವ ಹೊಳೆಯ ಬಾಯಿಂದ ಬಂತೆಂದು ಹೇಳಬೇಕಾದರೆ ನೀರಿನ ಸೆಳೆತವನ್ನೆಲ್ಲ ಹಿಂದಕ್ಕೆ ಲೆಕ್ಕ ಹಾಕಬೇಕಲ್ಲವೇ? ಅದೇ ರೀತಿ ಪ್ರತಿಯೊಂದು ವೀಕ್ಷಣ ಕೇಂದ್ರಕ್ಕೂ ಕಣಗಳು ಅಂತರಿಕ್ಷದ ಯಾವ ಭಾಗದಿಂದ ಬರುತ್ತವೆಂಬುದನ್ನು ಗಣಕಯಂತ್ರದ ನೆರವಿನಿಂದ ಅವರು ಲೆಕ್ಕ ಹಾಕಿದರು. ಈ ಕುರಿತು 1963ರಲ್ಲಿ ರಾವ್, ಮೆಕ್ರ್ಯಾಕನ್, ವೆಂಕಟೇಶನ್ ಇವರ ಲೇಖನ ಪ್ರಕಟವಾಯಿತು; 1965ರಲ್ಲಿ ವಿಶ್ವಕಿರಣ ಕೋಷ್ಟಕಗಳ ಪುಸ್ತಕವೇ ಹೊರಬಂದಿತು. ಬೇರೆ ಬೇರೆ ದೇಶಗಳ ವೀಕ್ಷಣ ಕೇಂದ್ರಗಳು ತಮ್ಮ ಅಂಕಿಗಳನ್ನು ಅರ್ಥಮಾಡಿಕೊಳ್ಳಲು ಇಂಥ ಕೋಷ್ಟಕಗಳು ಬೇಕೇ ಬೇಕು. ಹೊಗಳಿಕೆಯ ಸುದ್ದಿಯಾಗುವ ಕೆಲಸ ಅದಲ್ಲ. ಉಳಿದವರೆಲ್ಲ ಕೈಗೆತ್ತಿಕೊಳ್ಳುವ ಪಂಚಾಂಗದಂಥ ಕೆಲಸ.

ಅಷ್ಟರಲ್ಲಿ ಒಂದು ಅವಕಾಶ ಒದಗಿತು. 1962ರ ಆಗಸ್ಟ್ 27ರಂದು ಹಾರಿದ ಮ್ಯಾರಿನರ್-2 ಎಂಬ ವ್ಯೋಮನೌಕೆ ಶುಕ್ರಗ್ರಹದತ್ತ ಹೋಗುತ್ತ ದಾರಿಯುದ್ದಕ್ಕೂ ಸೂರ್ಯನಿಂದ ಬೀಸುವ ಕಣಗಳ ಗಾಳಿಯನ್ನು ಅಳೆದು ಕಳುಹಿಸಿತು. ಕಾನ್‌ವೇ ಸ್ನೈಡರ್ ಮತ್ತು ಮಾರ್ಸಿಯಾ ನ್ಯೂಗೆಬಾವರ್ ಎಂಬ ವಿಜ್ಞಾನಿಗಳೊಡನೆ ರಾಯರು ಆ ಅಂಕಿಗಳನ್ನು ಪರಿಶೀಲಿಸಿದರು. ಈ ಸೌರಮಾರುತ ಬಿಟ್ಟು ಬಿಟ್ಟು ಬೀಸುವುದಲ್ಲ, ಎಡೆಬಿಡದೆ ಬೀಸುತ್ತದೆ. ಅದರ ವೇಗ ಹೆಚ್ಚಿದಂತೆ ಭೂಮಿಯ ಕಾಂತಕ್ಷೇತ್ರವೂ ಕಲಕುತ್ತದೆ ಎಂಬುದು 1963ರ ಅವರ ಲೇಖನದಿಂದ ಖಚಿತವಾಯಿತು. ಆಗ ರಾಯರಿಗೆ ಮೂವತ್ತೊಂದು ವರ್ಷ. ಅವಕಾಶ ಆಕಸ್ಮಿಕವಾಗಿರಬಹುದು; ಅದು ಬಂದಾಗ ಏರಿಳಿತದ ಅಂಕಿಗಳನ್ನು ಓದಬಲ್ಲ ಕಣ್ಣು ಅಹಮದಾಬಾದಿನಲ್ಲಿ ಸಿದ್ಧವಾಗಿತ್ತು.

ಮುಂದೆ ಅವರು ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ಸಹಾಯಕ ಪ್ರಾಧ್ಯಾಪಕರಾದರು. ಅವರಿದ್ದ ಕೇಂದ್ರ 1969ರಲ್ಲಿ ಡಲ್ಲಾಸ್‌ನ ಟೆಕ್ಸಾಸ್ ವಿಶ್ವವಿದ್ಯಾನಿಲಯವಾಯಿತು. ಅಲ್ಲಿಯ ತಂಡ ಕಟ್ಟಿದ ವಿಶ್ವಕಿರಣ ಮಾಪಕ 1965ರ ಡಿಸೆಂಬರ್ 16ರಂದು ಹಾರಿದ ಪಯೊನೀರ್-6ರಲ್ಲಿ ಸೂರ್ಯನ ಸುತ್ತಲ ಕಕ್ಷೆಗೆ ಸೇರಿತು. ಆ ಬಳಿಕ ಇನ್ನೂ ಕೆಲವು ಪಯೊನೀರ್ ಮತ್ತು ಎಕ್ಸ್‌ಪ್ಲೋರರ್ ನೌಕೆಗಳಲ್ಲಿ ರಾಯರು ಪಾಲುಗೊಂಡ ಪ್ರಯೋಗಗಳು ಹಾರಿದುವು.

ಅಮೆರಿಕದಲ್ಲಿ ನೆಲೆನಿಲ್ಲಲು ಬೇಕಾದುದೆಲ್ಲ ಇದ್ದ ಆ ಹೊತ್ತಿನಲ್ಲಿ, 1966ರಲ್ಲಿ, ಅವರು ಅಹಮದಾಬಾದಿಗೆ ಪ್ರಾಧ್ಯಾಪಕರಾಗಿ ಮರಳಿದರು. 1972ರಲ್ಲಿ ಉಪಗ್ರಹ ಕಟ್ಟುವ ಹೊಣೆ ಹೆಗಲೇರಿದಾಗ ಬೆಂಗಳೂರಿನ ಪೀಣ್ಯದ ಕೈಗಾರಿಕಾ ಷೆಡ್ಡುಗಳಲ್ಲಿ ಎಳೆಯ ಇಂಜಿನಿಯರುಗಳ ತಂಡವನ್ನು ಕಟ್ಟಿ ಮೂರು ವರ್ಷಗಳಲ್ಲಿ ಕೆಲಸ ಪೂರೈಸಿದರು. ಅಲ್ಲಿ ಬೇಕಾದುದು ಅಂತರಿಕ್ಷದ ಉಪಕರಣವನ್ನು ಕಟ್ಟಿ ಹಾರಿಸಿದ ಅನುಭವ. ಅದು ಡಲ್ಲಾಸ್‌ನಲ್ಲಿ ದೊರೆತದ್ದು. ಡಲ್ಲಾಸ್‌ಗೆ ಕರೆದೊಯ್ದದ್ದು ಎಂ.ಐ.ಟಿ.ಯ ಲೆಕ್ಕಾಚಾರ, ಎಂ.ಐ.ಟಿ.ಗೆ ಕರೆದೊಯ್ದದ್ದು ಅಹಮದಾಬಾದಿನ ಎಣಿಕೆ. ಹಿಂತಿರುಗಿ ನೋಡಿದರೆ ಕೊಂಡಿಗೆ ಕೊಂಡಿ ಸೇರಿದೆ. ಮುಂದೆ ನೋಡುವವನಿಗೆ ಮಾತ್ರ ಆ ಹೊತ್ತಿನಲ್ಲಿ ಇದೊಂದೂ ಕಾಣುವುದಿಲ್ಲ.

ಊರಿನ ಬಳಿಯಲ್ಲೇ ಸಿಕ್ಕ ಪ್ರಶ್ನೆ

ವಿದ್ವತ್ತೆಂದರೆ ವಿದೇಶಕ್ಕೆ ಹೋಗುವುದೆಂದು ಇದರಿಂದ ತಿಳಿಯಬೇಕಾಗಿಲ್ಲ. ಉಚ್ಚಿಲದಿಂದ ಹೆಚ್ಚು ದೂರವಿಲ್ಲದ ಪಾದೂರಿನವರಾದ ಪಿ. ಗುರುರಾಜ ಭಟ್ಟರು ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಇತಿಹಾಸದ ಅಧ್ಯಾಪಕರಾಗಿದ್ದು ಬಳಿಕ ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಿನ್ಸಿಪಾಲರಾದರು. ಪಾಠ, ಪರೀಕ್ಷೆ, ಆಡಳಿತಗಳ ನಡುವೆಯೇ ಊರೂರಿನ ದೇವಾಲಯ, ವಿಗ್ರಹ, ಶಾಸನಗಳನ್ನು ಕಣ್ಣಾರೆ ನೋಡಿ ದಾಖಲಿಸಿದರು. ಆ ದುಡಿಮೆಯ ಫಲವಾದ ತುಳುವ ಇತಿಹಾಸ ಮತ್ತು ಸಂಸ್ಕೃತಿಯ ಇಂಗ್ಲಿಷ್ ಮಹಾಗ್ರಂಥ 1975ರಲ್ಲಿ, ಆರ್ಯಭಟ ಹಾರಿದ ವರ್ಷದಲ್ಲೇ, ಬೆಳಕು ಕಂಡಿತು. ಕರಾವಳಿಯ ಇತಿಹಾಸವನ್ನು ಬರೆಯುವವರು ಇಂದಿಗೂ ಅದನ್ನು ತೆರೆಯದೆ ಮುಂದೆ ಹೋಗಲಾರರು.

ಕಾಪುವಿನ ಬಳಿಯ ಮಜೂರಿನವರಾದ ಯು. ಪಿ. ಉಪಾಧ್ಯಾಯರದು ಮೂರನೆಯ ಬಗೆ. ಭಾಷಾವಿಜ್ಞಾನವನ್ನು ಕಲಿತು, ಆಫ್ರಿಕದ ಸೆನೆಗಲ್ ದೇಶದ ಡಕಾರ್‌ನಲ್ಲಿಯೂ ಸಂಶೋಧನೆ ಮಾಡಿ, ಕೊನೆಗೆ ಅವರು ಕೈಹಾಕಿದುದು ಮನೆಯ ಮಾತಿಗೆ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ 1988ರಿಂದ 1997ರವರೆಗೆ ಆರು ಸಂಪುಟಗಳಾಗಿ ಹೊರಬಂದ ತುಳು ನಿಘಂಟಿಗೆ ಅವರೇ ಪ್ರಧಾನ ಸಂಪಾದಕರು. ನಿಘಂಟಿನ ಕೆಲಸವೂ ಕಣಗಳ ಎಣಿಕೆಯಂತೆಯೇ: ಒಂದೊಂದು ಶಬ್ದ, ಒಂದೊಂದು ಚೀಟಿ, ವರ್ಷಗಳ ಕಾಯುವಿಕೆ.

ಮೂವರ ದಾರಿಗಳು ಬೇರೆ ಬೇರೆ. ಒಬ್ಬರಿಗೆ ಪ್ರಶ್ನೆ ಆಕಾಶದಲ್ಲಿತ್ತು, ಒಬ್ಬರಿಗೆ ಊರ ಗುಡಿಯಲ್ಲಿತ್ತು, ಒಬ್ಬರಿಗೆ ತಾಯ ನಾಲಗೆಯ ಮೇಲಿತ್ತು. ಸಮಾನವಾದುದು ಒಂದೇ: ಹಿಡಿದ ಪ್ರಶ್ನೆಯನ್ನು ಬಿಡದೆ, ಫಲ ಕಾಣದ ವರ್ಷಗಳನ್ನು ದಾಟಿದುದು.

ಇಂದಿನ ಬಾಗಿಲುಗಳು

ಈಗಿನ ವಿದ್ಯಾರ್ಥಿಗೆ ಬಾಗಿಲುಗಳು ಹೆಚ್ಚು. ಪ್ರತಿಯೊಂದು ಬಾಗಿಲಿಗೂ ಒಂದೊಂದು ಪರೀಕ್ಷೆ. 1960ರಲ್ಲಿ ಆರಂಭವಾದ ಸುರತ್ಕಲ್ಲಿನ ತಾಂತ್ರಿಕ ಕಾಲೇಜು ಈಗ ರಾಷ್ಟ್ರೀಯ ಸಂಸ್ಥೆಯಾಗಿದೆ; ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯ 1980ರಿಂದ ಇದೆ; ಮಣಿಪಾಲವಂತೂ ಕೂಗಳತೆಯಲ್ಲಿದೆ. ಅದಮಾರು ಮಠದ ಶಿಕ್ಷಣ ಮಂಡಳಿಯೇ ಬೆಂಗಳೂರಿನ ಹೊರವಲಯದಲ್ಲಿ ಪೂರ್ಣಪ್ರಜ್ಞ ವೈಜ್ಞಾನಿಕ ಸಂಶೋಧನ ಸಂಸ್ಥೆಯನ್ನು ನಡೆಸುತ್ತಿದೆ.

ವಿಜ್ಞಾನದಲ್ಲಿ ಒಳ್ಳೆಯ ಎಂ.ಎಸ್ಸಿ. ಬೇಕಾದವರಿಗೆ ಐ.ಐ.ಟಿ.ಗಳು ನಡೆಸುವ ‘ಜಾಮ್’ ಪರೀಕ್ಷೆಯಿದೆ; ಇಂಜಿನಿಯರಿಂಗಿನವರಿಗೆ ‘ಗೇಟ್’; ಪಿಎಚ್.ಡಿ. ವೇತನಕ್ಕೆ ವಿಜ್ಞಾನದವರಿಗೆ ಸಿ.ಎಸ್.ಐ.ಆರ್.-ಯು.ಜಿ.ಸಿ. ‘ನೆಟ್’, ಸಾಹಿತ್ಯ ಇತಿಹಾಸಾದಿಗಳವರಿಗೆ ಯು.ಜಿ.ಸಿ. ‘ನೆಟ್’, ಭೌತಶಾಸ್ತ್ರದವರಿಗೆ ‘ಜೆಸ್ಟ್’ ಎಂಬುದೂ ಉಂಟು. 2022ರ ಯು.ಜಿ.ಸಿ. ನಿಯಮಗಳಂತೆ ನಾಲ್ಕು ವರ್ಷಗಳ ಪದವಿಯಲ್ಲಿ ನೂರಕ್ಕೆ 75 ಅಂಕ ಪಡೆದವರು ನೇರವಾಗಿ ಪಿಎಚ್.ಡಿ.ಗೆ ಅರ್ಹರು. ಎಂ.ಫಿಲ್. ಪದವಿಯನ್ನು ನಿಲ್ಲಿಸಲಾಗಿದೆ. ಪಿಎಚ್.ಡಿ.ಗೆ ಕನಿಷ್ಠ ಅವಧಿ ಮೂರು ವರ್ಷ, ಸಾಮಾನ್ಯ ಗರಿಷ್ಠ ಅವಧಿ ಆರು ವರ್ಷ.

ಹಣದ ಮಾತನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. 2023ರ ಜನವರಿಯಿಂದ ಜೂನಿಯರ್ ಸಂಶೋಧನ ವೇತನ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷಗಳ ಬಳಿಕ ಸೀನಿಯರ್ ವೇತನ 42,000 ರೂಪಾಯಿ. ಜೊತೆಗೆ ಮನೆ ಬಾಡಿಗೆ ಭತ್ಯೆ. ಒಬ್ಬನ ಖರ್ಚಿಗೆ ಸಾಕು. ತಂಗಿಯ ಮದುವೆಗೆ, ಮನೆಯ ಸಾಲಕ್ಕೆ ಸಾಲದು. ವೇತನ ತಿಂಗಳು ತಿಂಗಳು ತಪ್ಪದೆ ಕೈಸೇರುವುದೆಂದೂ ಹೇಳಲಾಗದು. ಆದುದರಿಂದ ಮೂರು ನಾಲ್ಕು ತಿಂಗಳ ಖರ್ಚಿನ ಹಣ ಬೇರೆಯಾಗಿ ಇರಬೇಕು. ವೇತನವಿಲ್ಲದೆ, ಸ್ವಂತ ಹಣದಿಂದ ಪಿಎಚ್.ಡಿ.ಗೆ ಸೇರುವ ಮುನ್ನ ಹತ್ತು ಸಲ ಯೋಚಿಸುವುದು ಲೇಸು.

ಹೊರದೇಶಕ್ಕೆ ಹೋಗಬಯಸುವವರು ತಿಳಿಯಬೇಕಾದುದು ಕೆಲವಿದೆ. ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಪದವಿಯ ಬಳಿಕ ನೇರವಾಗಿ ಪಿಎಚ್.ಡಿ.ಗೆ ಸೇರಬಹುದು. ವಿಜ್ಞಾನ ವಿಷಯಗಳಲ್ಲಿ ಬೋಧನ ಸಹಾಯಕ ಅಥವಾ ಸಂಶೋಧನ ಸಹಾಯಕನಾಗಿ ದುಡಿದರೆ ಶುಲ್ಕವೂ ಜೀವನವೆಚ್ಚವೂ ಸಾಮಾನ್ಯವಾಗಿ ದೊರೆಯುತ್ತವೆ. ಎಂ.ಎಸ್.ಗೆ ಸಾಲ ಮಾಡಿ ಹೋಗುವುದಕ್ಕೂ ಇದಕ್ಕೂ ಅಜಗಜಾಂತರ. ಅರ್ಜಿಗಳ ಕೊನೆಯ ದಿನ ಹೆಚ್ಚಾಗಿ ಡಿಸೆಂಬರಿನಲ್ಲಿ. ಬಹಳಷ್ಟು ವಿಶ್ವವಿದ್ಯಾನಿಲಯಗಳು ಒಪ್ಪಿಗೆಯ ಉತ್ತರಕ್ಕೆ ಏಪ್ರಿಲ್ 15ರವರೆಗೆ ಕಾಲ ಕೊಡುತ್ತವೆ. ಹಾಗಾಗಿ ಸಿದ್ಧತೆ ಹೊರಡುವ ಮುನ್ನ ಒಂದೂವರೆ ವರ್ಷದ ಹಿಂದೆಯೇ ಆರಂಭವಾಗಬೇಕು. ಜಿ.ಆರ್.ಇ. ಪರೀಕ್ಷೆಯನ್ನು ಅನೇಕ ವಿಭಾಗಗಳು ಈಗ ಕೇಳುವುದಿಲ್ಲ. ಅದರ ಬದಲು ತೂಕ ಹೆಚ್ಚಿರುವುದು ಎರಡು ಕಾಗದಗಳಿಗೆ: ವಿದ್ಯಾರ್ಥಿಯೇ ಬರೆಯುವ ಉದ್ದೇಶಪತ್ರ, ಅಧ್ಯಾಪಕರು ಬರೆಯುವ ಶಿಫಾರಸು ಪತ್ರ.

ಉದ್ದೇಶಪತ್ರದಲ್ಲಿ ಬಾಲ್ಯದಿಂದಲೂ ನಕ್ಷತ್ರಗಳೆಂದರೆ ಪ್ರೀತಿಯೆಂದು ಬರೆಯುವವರು ಸಾವಿರ. ಯಾವ ಪ್ರಶ್ನೆ, ಅದನ್ನು ಕುರಿತು ಈವರೆಗೆ ತಾನು ಮಾಡಿದ್ದೇನು, ಎಲ್ಲಿ ಸೋತೆ, ಈ ವಿಭಾಗದಲ್ಲಿ ಯಾರೊಡನೆ ಏಕೆ ಕೆಲಸ ಮಾಡಬೇಕು ಎಂದು ಎರಡು ಪುಟಗಳಲ್ಲಿ ಹೇಳಬಲ್ಲವರು ಕಡಿಮೆ. ಶಿಫಾರಸು ಪತ್ರವೂ ಹಾಗೆಯೇ. ತರಗತಿಯಲ್ಲಿ ಮೊದಲಿಗನಾಗಿದ್ದನೆಂಬ ಒಂದು ಸಾಲನ್ನು ಅಂಕಪಟ್ಟಿಯೇ ಹೇಳುತ್ತದೆ. ಪ್ರಯೋಗ ಕೆಟ್ಟಾಗ ಈ ಹುಡುಗಿ ಏನು ಮಾಡಿದಳೆಂದು ಹೇಳಬಲ್ಲ ಅಧ್ಯಾಪಕರು ಬೇಕು. ಅಂಥವರು ದೊರೆಯಬೇಕಾದರೆ ಎರಡನೆಯ ವರ್ಷದಿಂದಲೇ ಯಾರಾದರೊಬ್ಬರ ಪ್ರಯೋಗಶಾಲೆಯಲ್ಲಿ, ಗ್ರಂಥಾಲಯದಲ್ಲಿ ಅವರ ಬೆನ್ನ ಹಿಂದೆ ನಿಂತು ಕೆಲಸ ಮಾಡಿರಬೇಕು. ಮೂರು ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು ಜೊತೆಯಾಗಿ ನಡೆಸಿಕೊಂಡು ಬಂದಿರುವ ಬೇಸಗೆಯ ಸಂಶೋಧನ ಫೆಲೋಷಿಪ್‌ನಂಥ ಯೋಜನೆಗಳು ಇರುವುದು ಸಣ್ಣ ಊರಿನ ಕಾಲೇಜುಗಳ ವಿದ್ಯಾರ್ಥಿಗಳಿಗೂ ಈ ರುಚಿ ಹತ್ತಲೆಂದೇ.

ಗುರುವನ್ನು ಆರಿಸುವುದು

ಸಂಸ್ಥೆಯ ಹೆಸರು ನೋಡಿ ಸೇರುವುದು ಸುಲಭ. ಗುರುವನ್ನು ನೋಡಿ ಸೇರುವುದು ಕಷ್ಟ. ಆದರೆ ಐದಾರು ವರ್ಷಗಳ ಸುಖದುಃಖ ನಿಂತಿರುವುದು ಎರಡನೆಯದರ ಮೇಲೆ. ಹೆಣ್ಣು ಕೊಡುವಾಗ ನಾಲ್ಕು ಕಡೆ ವಿಚಾರಿಸುವ ಮನೆಯವರು ಇಲ್ಲಿ ವಿಚಾರಿಸಲು ಸಂಕೋಚಪಡಬಾರದು. ಈ ಮಾರ್ಗದರ್ಶಕರ ಶಿಷ್ಯರು ಎಷ್ಟು ವರ್ಷಗಳಲ್ಲಿ ಮುಗಿಸುತ್ತಾರೆ? ಮುಗಿಸಿದವರು ಈಗ ಎಲ್ಲಿದ್ದಾರೆ? ನಡುವೆ ಬಿಟ್ಟುಹೋದವರು ಎಷ್ಟು ಮಂದಿ? ಲೇಖನಗಳಲ್ಲಿ ಶಿಷ್ಯನ ಹೆಸರು ಮೊದಲು ಬರುತ್ತದೆಯೇ? ಇವನ್ನು ಅಲ್ಲಿರುವ ಹಿರಿಯ ವಿದ್ಯಾರ್ಥಿಗಳಲ್ಲಿ ಕೇಳಿದರೆ ಒಂದು ಚಹಾದ ಹೊತ್ತಿನಲ್ಲಿ ಉತ್ತರ ಸಿಗುತ್ತದೆ. ನಿಯಮದಂತೆ ಪ್ರಾಧ್ಯಾಪಕರೊಬ್ಬರು ಒಮ್ಮೆಗೆ ಎಂಟು ಮಂದಿಗೆ, ಸಹಪ್ರಾಧ್ಯಾಪಕರು ಆರು ಮಂದಿಗೆ, ಸಹಾಯಕ ಪ್ರಾಧ್ಯಾಪಕರು ನಾಲ್ಕು ಮಂದಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ಆದುದರಿಂದ ಬೇಕಾದವರ ಬಳಿ ಜಾಗವುಂಟೇ ಎಂದು ಮೊದಲೇ ಬರೆದು ಕೇಳುವುದು ಜಾಣತನ.

ಪದವಿಯ ಬಳಿಕದ ಹೊಸ್ತಿಲು

ಪಿಎಚ್.ಡಿ. ಆದ ಮೇಲೆ ಹುದ್ದೆ ಕಾದು ಕುಳಿತಿರುವುದಿಲ್ಲ. ಕರ್ನಾಟಕದ ಸರಕಾರಿ ಪದವಿ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕರಾಗಿ, ಕಾಯಂ ನೇಮಕಾತಿಯ ಪ್ರಕಟಣೆಯನ್ನು ಎದುರುನೋಡುತ್ತ, ವರ್ಷಗಳನ್ನು ಕಳೆಯುತ್ತಿರುವ ವಿದ್ಯಾವಂತರು ಬಹಳ. 2023ರ ತಿದ್ದುಪಡಿಯ ಬಳಿಕ ಸಹಾಯಕ ಪ್ರಾಧ್ಯಾಪಕನ ನೇಮಕಕ್ಕೆ ‘ನೆಟ್’ ಅಥವಾ ರಾಜ್ಯದ ‘ಕೆ-ಸೆಟ್’ ಕನಿಷ್ಠ ಅರ್ಹತೆ; ಪಿಎಚ್.ಡಿ. ಕಡ್ಡಾಯವಲ್ಲ. ಪಾಠ ಹೇಳುವುದೇ ಬಯಕೆಯಾಗಿದ್ದರೆ ಮೊದಲು ಆ ಪರೀಕ್ಷೆಯನ್ನು ದಾಟುವುದು ವಿವೇಕ. ಪ್ರಶ್ನೆಯ ಹಸಿವು ಇದ್ದರೆ ಮಾತ್ರ ಪಿಎಚ್.ಡಿ.

ಕೆಲಸ ಸಿಕ್ಕ ಮೊದಲ ಮೂರು ನಾಲ್ಕು ವರ್ಷಗಳು ಇನ್ನೊಂದು ಪರೀಕ್ಷೆ. ವಾರಕ್ಕೆ ಹದಿನಾರು ಗಂಟೆಗಳ ಪಾಠ, ಉತ್ತರಪತ್ರಿಕೆಗಳ ಕಟ್ಟು, ಸಮಿತಿಗಳು, ಚುನಾವಣೆಯ ಕೆಲಸ. ಇವುಗಳ ನಡುವೆ ಪ್ರಶ್ನೆ ಒಣಗಿಹೋಗುವುದು ಬಹಳ ಸುಲಭ. ಗುರುರಾಜ ಭಟ್ಟರಂಥವರು ರಜೆಯ ದಿನಗಳನ್ನು ಊರೂರಿನ ಗುಡಿಗಳಿಗೆ ಕೊಟ್ಟುದರಿಂದಲೇ ಅವರ ಪ್ರಶ್ನೆ ಹಸಿರಾಗಿ ಉಳಿಯಿತು. ವಾರದಲ್ಲಿ ಒಂದು ಅರ್ಧ ದಿನವನ್ನಾದರೂ ಯಾರಿಗೂ ಬಿಟ್ಟುಕೊಡದೆ ಸಂಶೋಧನೆಗೆ ಮೀಸಲಿಟ್ಟ ಹೊಸ ಅಧ್ಯಾಪಕ ಐದು ವರ್ಷಗಳ ಬಳಿಕವೂ ವಿದ್ವಾಂಸನಾಗಿ ಉಳಿದಿರುತ್ತಾನೆ.

ಕೊನೆಯದಾಗಿ ಮನೆಯ ಮಾತು. ಸಂಶೋಧನೆಯ ಸಿದ್ಧತೆ ವಿದ್ಯಾರ್ಥಿಯೊಬ್ಬನದೇ ಅಲ್ಲ, ಮನೆಯದೂ ಹೌದು. ಎಷ್ಟು ವರ್ಷ ಕಾಯಬಲ್ಲೆವು, ಮನೆಯ ಖರ್ಚಿಗೆ ಅಷ್ಟರವರೆಗೆ ಏನು ದಾರಿ, ಯಾವ ಹಂತದಲ್ಲಿ ನಿಂತು ಮತ್ತೊಮ್ಮೆ ಯೋಚಿಸಬೇಕು ಎಂಬ ಮೂರು ಮಾತುಗಳನ್ನು ಅರ್ಜಿ ಹಾಕುವ ಮುನ್ನವೇ ಒಟ್ಟಿಗೆ ಕುಳಿತು ತೀರ್ಮಾನಿಸಿಕೊಂಡ ಮನೆಯಲ್ಲಿ ಮುಂದೆ ಕಣ್ಣೀರು ಕಡಿಮೆ. ನಡುವೆ ಬಿಟ್ಟು ಬೇರೆ ಕೆಲಸಕ್ಕೆ ಹೋದರೆ ಅದು ಸೋಲಲ್ಲವೆಂಬುದನ್ನೂ ಆಗಲೇ ಹೇಳಿಬಿಡಬೇಕು. ಮದುವೆಮನೆಯಲ್ಲಿ “ಇನ್ನೂ ಓದುವುದೇ?” ಎಂದು ಯಾರಾದರೂ ಕೇಳಿದರೆ ತಾಯಿ ತಲೆ ತಗ್ಗಿಸಬೇಕಾಗಿಲ್ಲ. “ಓದುವುದು ಮುಗಿಯಿತು, ಈಗ ಕೆಲಸ ಕಲಿಯುತ್ತಿದ್ದಾಳೆ” ಎಂದರೆ ಸಾಕು. ಅದು ಸಮಾಧಾನದ ಮಾತಲ್ಲ, ನಿಜವಾದ ಮಾತು.